ನಮ್ಮ ಬೀದಿಯ ವಕೀಲರು ಜಡ್ಜ್ ಚುನಾವಣೆಗೆ ನಿಂತಿದ್ದಾರೆ, ಅವರನ್ನು ಏನು ಕೇಳಬಹುದು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೇವೆ. ನನಗೆ ಇಲ್ಲಿನ ಪೌರತ್ವ ಸಿಕ್ಕಿದ್ದು ಹೋದ ವರ್ಷ. ನನ್ನ ತಮ್ಮ ಇನ್ನೂ ಎಚ್-1ಬಿ ವೀಸಾದಲ್ಲಿದ್ದಾನೆ. ನಮ್ಮ ಬೀದಿಯಲ್ಲೇ ಇರುವ ವಕೀಲರೊಬ್ಬರು ಸುಪೀರಿಯರ್ ಕೋರ್ಟ್ ಜಡ್ಜ್ ಚುನಾವಣೆಗೆ ನಿಂತಿದ್ದಾರೆ. ಮೊನ್ನೆ ಮನೆಗೆ ಬಂದು ಕಾರ್ಡ್ ಕೊಟ್ಟು ವೋಟು ಕೇಳಿದರು. ಅಂಗಳದಲ್ಲಿ ಬೋರ್ಡ್ ನೆಡಬಹುದಾ ಅಂದರು. ಕೈಲಾದಷ್ಟು ದೇಣಿಗೆಯನ್ನೂ ಕೇಳಿದರು. ನಮ್ಮ ಊರಲ್ಲಿ ಜಡ್ಜ್ ಆದವರು ಮದುವೆ ಮನೆಗೆ ಹೋಗುವುದಕ್ಕೂ ಹಿಂದೆ ಮುಂದೆ ನೋಡುತ್ತಿದ್ದರು. ಇಲ್ಲಿ ಹೀಗೆ ವೋಟು ಕೇಳುವುದು ಸರಿಯೇ? ನಮ್ಮ ಹಳೇ ಮನೆ ಮಾಲೀಕರು ಡೆಪಾಸಿಟ್ ವಾಪಸ್ ಕೊಟ್ಟಿಲ್ಲ. ಅದು ಇದೇ ಕೋರ್ಟಿಗೆ ಹೋಗಬಹುದು. "ನೀವು ಬಾಡಿಗೆದಾರರ ಕಡೆ ತಾನೇ?" ಎಂದು ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಕೇಳಬಹುದಿತ್ತಾ? ಯಾರಿಗೆ ವೋಟು ಹಾಕುವುದು ಅಂತ ಹೇಗೆ ತೀರ್ಮಾನಿಸಲಿ?

ಉತ್ತರ: ನೀವು ಆ ಪ್ರಶ್ನೆ ಕೇಳದೆ ಬಿಟ್ಟದ್ದೇ ಒಳ್ಳೆಯದಾಯಿತು. ಕೇಳುವುದು ತಪ್ಪು ಅಂತಲ್ಲ, ಅವರು ಅದಕ್ಕೆ ಉತ್ತರ ಕೊಡುವ ಹಾಗಿಲ್ಲ. ಒಂದು ವೇಳೆ "ಹೌದು, ನಾನು ಬಾಡಿಗೆದಾರರ ಕಡೆ" ಅಂದಿದ್ದರೆ, ಅವರಿಗೆ ವೋಟು ಹಾಕಬೇಡಿ ಅಂತಲೇ ನಾನು ಹೇಳುತ್ತಿದ್ದೆ. ಯಾಕೆಂದರೆ ನಾಳೆ ಇನ್ನೊಂದು ಬೀದಿಯಲ್ಲಿ ಮನೆ ಮಾಲೀಕರು ಬಾಗಿಲು ತೆಗೆದಾಗ ಅವರಿಗೂ ಅವರಿಗೆ ಬೇಕಾದ ಮಾತನ್ನೇ ಹೇಳುತ್ತಾರೆ, ಅಲ್ವಾ? ಆದರೆ ಅವರನ್ನು ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆಗಳು ಬೇರೆ ಇವೆ. ಅವರು ಹೇಗೆ ತೀರ್ಪು ಕೊಡುತ್ತಾರೆ ಅನ್ನುವುದನ್ನು ಬಿಡಿ. ಹೇಗೆ ಕೆಲಸ ಮಾಡುತ್ತಾರೆ ಅನ್ನುವುದನ್ನು ಕೇಳಿ.

ಮೊದಲು ನಿಮ್ಮ ಮುಜುಗರದ ವಿಷಯ. ಅದು ನಮಗೆಲ್ಲ ಇದ್ದದ್ದೇ. ಕರ್ನಾಟಕದಲ್ಲಿ ಸಿವಿಲ್ ಜಡ್ಜ್ ಆಗಬೇಕಾದರೆ ಹೈಕೋರ್ಟ್ ನಡೆಸುವ ಪರೀಕ್ಷೆ ಬರೆದು, ಸಂದರ್ಶನದಲ್ಲಿ ಪಾಸಾಗಬೇಕು. ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು ವಕೀಲರಾಗಿ ಕನಿಷ್ಠ 7 ವರ್ಷ ಕೆಲಸ ಮಾಡಿರಬೇಕು ಎಂದು ಸಂವಿಧಾನದ 233ನೇ ವಿಧಿ ಹೇಳುತ್ತದೆ. ಅಲ್ಲಿ ಜನರ ಮುಂದೆ ಕೈ ಮುಗಿದು ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ. ಅಮೆರಿಕದಲ್ಲೂ ಫೆಡರಲ್ ಜಡ್ಜ್‌ಗಳು ಚುನಾವಣೆಗೆ ನಿಲ್ಲುವುದಿಲ್ಲ. ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪುತ್ತದೆ, ಹುದ್ದೆ ಜೀವನಪೂರ್ತಿ. ರಾಜ್ಯಗಳ ಕೋರ್ಟುಗಳ ದಾರಿಯೇ ಬೇರೆ. 1832ರಲ್ಲಿ ಮಿಸಿಸಿಪಿ ತನ್ನ ಎಲ್ಲ ಜಡ್ಜ್‌ಗಳನ್ನೂ ಜನರೇ ಆರಿಸಲಿ ಎಂದಿತು. ಆಮೇಲೆ ಒಂದೊಂದೇ ರಾಜ್ಯ ಹಿಂದೆ ಬಂತು. ಗವರ್ನರ್‌ಗಳು, ಶಾಸಕರು ತಮ್ಮ ಕಡೆಯವರನ್ನೇ ಪೀಠದಲ್ಲಿ ಕೂರಿಸುತ್ತಾರೆ ಎಂಬ ಬೇಸರ ಜನರಲ್ಲಿತ್ತು. ಜನರಿಂದ ಆರಿಸಿ ಬಂದವರು ಯಾರ ಹಂಗಿನಲ್ಲೂ ಇರುವುದಿಲ್ಲ ಅಂದುಕೊಂಡರು. ಜನರ ಹಂಗು ಎನ್ನುವುದೂ ಒಂದಿದೆ, ಅದರ ಮಾತು ಮುಂದೆ ಬರುತ್ತದೆ.

ಈಗ ನಿಮ್ಮ ಕೌಂಟಿಗೆ ಬರೋಣ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳು, ಕೌಂಟಿಗೊಂದು ಸುಪೀರಿಯರ್ ಕೋರ್ಟ್, ಅಂದರೆ ಕೇಸುಗಳ ವಿಚಾರಣೆ ಮೊದಲು ನಡೆಯುವ ಕೋರ್ಟ್. ನಿಮ್ಮದು ಸಾಂತಾ ಕ್ಲಾರಾ ಕೌಂಟಿ. ಜಡ್ಜ್ ಅವಧಿ 6 ವರ್ಷ. ನಿಲ್ಲುವವರು ಕನಿಷ್ಠ 10 ವರ್ಷ ಈ ರಾಜ್ಯದ ವಕೀಲರಾಗಿರಬೇಕು. ಪಕ್ಷದ ಹೆಸರು ಮತಪತ್ರದಲ್ಲಿ ಇರುವುದಿಲ್ಲ. ಠೇವಣಿಯ ಬದಲು ಜಡ್ಜ್ ಹುದ್ದೆಯ ಒಂದು ವರ್ಷದ ಸಂಬಳದ ಶೇ 1ರಷ್ಟು ಶುಲ್ಕ ಕಟ್ಟುತ್ತಾರೆ.

ಇಲ್ಲೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಇಲ್ಲಿನ ಹೆಚ್ಚಿನ ಜಡ್ಜ್‌ಗಳು ಚುನಾವಣೆಯಿಂದ ಬಂದವರಲ್ಲ. ಅವಧಿಯ ನಡುವೆ ಯಾರಾದರೂ ನಿವೃತ್ತರಾದರೆ ಆ ಜಾಗಕ್ಕೆ ಗವರ್ನರ್ ನೇಮಕ ಮಾಡುತ್ತಾರೆ. ಅವರ ಅವಧಿ ಮುಗಿಯುವಾಗ ಎದುರಾಳಿ ಯಾರೂ ನಿಲ್ಲದಿದ್ದರೆ ಅವರ ಹೆಸರು ಮತಪತ್ರಕ್ಕೆ ಬರುವುದೇ ಇಲ್ಲ, ಗೆದ್ದಂತೆಯೇ ಲೆಕ್ಕ. ಹಾಗಾಗಿ ನಿಮ್ಮ ಮತಪತ್ರದಲ್ಲಿ ಸುಪೀರಿಯರ್ ಕೋರ್ಟಿನ ಒಂದೇ ಕುರ್ಚಿಗೆ ಒಂದಕ್ಕಿಂತ ಹೆಚ್ಚು ಹೆಸರು ಕಂಡರೆ ಅಲ್ಲಿ ನಿಜವಾದ ಸ್ಪರ್ಧೆ ಇದೆ ಎಂದರ್ಥ. ಪ್ರತಿ ಕುರ್ಚಿಗೂ ಒಂದು ನಂಬರ್ ಇರುತ್ತದೆ. ವಕೀಲರು "ಕೋರ್ಟಿಗೆ ನಿಲ್ಲುತ್ತೇನೆ" ಅಂದರೆ ಸಾಲದು, ಯಾವ ನಂಬರಿನ ಕುರ್ಚಿಗೆ ಅಂತ ಹೇಳಬೇಕು. ನಿವೃತ್ತರಾಗುವವರ ಖಾಲಿ ಕುರ್ಚಿಗೋ, ಈಗ ಕೂತಿರುವ ಜಡ್ಜ್ ಎದುರಿಗೋ? ನಿಮ್ಮ ಪಕ್ಕದವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಕೂತಿರುವವರ ಎದುರು ನಿಂತಿದ್ದರೆ, ಅವರ ಕೆಲಸದಲ್ಲಿ ಏನು ಕೊರತೆ ಕಂಡಿರಿ ಎಂದು ಕೇಳಿ. ಉತ್ತರ ನಿರ್ದಿಷ್ಟವಾಗಿರಬೇಕು. "ಬದಲಾವಣೆ ಬೇಕು" ಅನ್ನುವುದು ಉತ್ತರವಲ್ಲ.

ಇನ್ನೊಂದು ಮಾತು. ನವೆಂಬರಿಗೆ ಮೊದಲು ಪ್ರೈಮರಿ ಎಂಬ ಮೊದಲ ಸುತ್ತಿನ ಮತದಾನ ನಡೆಯುತ್ತದೆ. ಅದರಲ್ಲೇ ಅರ್ಧಕ್ಕಿಂತ ಹೆಚ್ಚು ವೋಟು ಬಿದ್ದವರು ಗೆದ್ದಂತೆ. ಯಾರಿಗೂ ಅಷ್ಟು ಬೀಳದಿದ್ದರೆ ಮಾತ್ರ ಮೊದಲ ಇಬ್ಬರು ನವೆಂಬರಿಗೆ ಹೋಗುತ್ತಾರೆ. ಇಬ್ಬರೇ ನಿಂತಿದ್ದರೆ ಪ್ರೈಮರಿಯಲ್ಲೇ ಮುಗಿದುಹೋಗುತ್ತದೆ. ನವೆಂಬರಿನಲ್ಲಿ ನೋಡೋಣ ಅಂತ ಕೂತು ಮೋಸಹೋದ ಕನ್ನಡದವರನ್ನು ನಾನು ಪ್ರತಿ ಸಲ ನೋಡುತ್ತೇನೆ.

ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದಲ್ಲ, ಅದನ್ನು ಬಿಚ್ಚಿ ಈ ಭಾಗವನ್ನು ಒಮ್ಮೆ ದಿಟ್ಟಿಸಿ ನೋಡಿ. ಗವರ್ನರ್, ಶಾಸಕರ ಹೆಸರಿನ ಕೆಳಗೆ ಪಕ್ಷ ಇರುತ್ತದೆ. ಜಡ್ಜ್ ಸಾಲಿಗೆ ಬಂದರೆ ಒಂದು ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಕಸುಬು. "ಡೆಪ್ಯುಟಿ ಡಿಸ್ಟ್ರಿಕ್ಟ್ ಅಟಾರ್ನಿ" (ಅಪರಾಧದ ಕೇಸು ನಡೆಸುವ ಸರ್ಕಾರಿ ವಕೀಲರು, ಅಂದರೆ ಪ್ರಾಸಿಕ್ಯೂಟರ್) ಅಂತಲೋ, "ಅಟಾರ್ನಿ ಅಟ್ ಲಾ" ಅಂತಲೋ, "ಸುಪೀರಿಯರ್ ಕೋರ್ಟ್ ಜಡ್ಜ್" ಅಂತಲೋ. ಅಷ್ಟೇ. ಪೆನ್ನು ಹಿಡಿದು ಕೂತವರ ಕಣ್ಣ ಮುಂದೆ ಇರುವುದು ಅಷ್ಟೇ ಮಾಹಿತಿ. ಹಿಂದೆ ಅಭ್ಯರ್ಥಿಗಳು ಈ ಎರಡು ಮೂರು ಪದಗಳಲ್ಲೇ ಭಾರೀ ಆಟ ಆಡುತ್ತಿದ್ದರು, ಭಯಂಕರ ಅಪರಾಧದ ಹೆಸರು ಸೇರಿಸಿ "ಇಂಥ ಕೇಸುಗಳ ಪ್ರಾಸಿಕ್ಯೂಟರ್" ಎಂದು ಬರೆಸಿಕೊಳ್ಳುತ್ತಿದ್ದರು. ಈಗ ನಿಯಮ ಬಿಗಿಯಾಗಿದೆ. ಆದರೂ ಕಸುಬಿನ ಹೆಸರು ನೋಡಿ ವೋಟು ಹಾಕುವುದು ನಿಂತಿಲ್ಲ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ 2006ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದದ್ದನ್ನು ಹೇಳಬೇಕು. ಜಿಂತ್ರಾ ಯಾನಾವ್ಸ್ ಎಂಬ ಜಡ್ಜ್ ಅಲ್ಲಿ ಸುಮಾರು 20 ವರ್ಷದಿಂದ ಪೀಠದಲ್ಲಿದ್ದರು. ಲಾತ್ವಿಯಾ ಮೂಲದ ಹೆಸರು. ಅಲ್ಲಿನ ವಕೀಲರ ಸಂಘ ಪ್ರತಿ ಅಭ್ಯರ್ಥಿಗೂ ದರ್ಜೆ ಕೊಡುತ್ತದೆ, ಅವರಿಗೆ ಅತ್ಯುತ್ತಮ ದರ್ಜೆ ಕೊಟ್ಟಿತ್ತು. ಎದುರು ನಿಂತವರು ಲಿನ್ ಡಯಾನ್ ಓಲ್ಸನ್. ವಕೀಲಿಕೆಯ ಪರವಾನಗಿ ಇತ್ತು, ಆದರೆ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ಡಿನ ಅಂಗಡಿ ನಡೆಸುತ್ತಿದ್ದರು. ಸಂಘ ಅವರನ್ನು ಅರ್ಹರಲ್ಲ ಎಂದಿತ್ತು. ಗೆದ್ದದ್ದು ಓಲ್ಸನ್. ಹೆಸರು ಪರಕೀಯವಾಗಿ ಕೇಳಿಸಿದ್ದೇ ಯಾನಾವ್ಸ್ ಸೋಲಿಗೆ ಒಂದು ಕಾರಣ ಎಂದು ಆಗ ವಕೀಲರೆಲ್ಲ ಮಾತಾಡಿಕೊಂಡರು. ಕೊನೆಗೆ ಗವರ್ನರ್ ಆಗಿದ್ದ ಶ್ವಾರ್ಜನೆಗರ್ ಅವರೇ ಯಾನಾವ್ಸ್ ಅವರನ್ನು ಮತ್ತೆ ಪೀಠಕ್ಕೆ ನೇಮಿಸಿದರು. ಉದ್ದುದ್ದ ಹೆಸರಿಟ್ಟುಕೊಂಡ ನಮ್ಮಂಥವರಿಗೆ ಈ ಕಥೆ ಬೇಗ ಮನಸ್ಸಿಗೆ ನಾಟುತ್ತದೆ. ಬಾಯಿಗೆ ಸುಲಭವಾದ ಹೆಸರಿಗೆ ಸುಮ್ನೆ ಟಿಕ್ ಹಾಕುವುದಕ್ಕಿಂತ ಆ ಸಾಲನ್ನು ಖಾಲಿ ಬಿಡುವುದು ಮೇಲು. ಹಾಗಂತ ಖಾಲಿ ಬಿಡಿ ಅಂತ ನಿಮಗೆ ಹೇಳುತ್ತಿಲ್ಲ. ಒಂದೆರಡು ಗಂಟೆ ಕೊಟ್ಟರೆ ತಿಳಿದುಕೊಂಡೇ ಹಾಕಬಹುದು.

ಹೆಸರಿನ ಮಾತು ಬಂದಾಗ ಸುರೇಂದ್ರನ್ ಪಟ್ಟೇಲ್ ಅವರನ್ನೂ ನೆನೆಯಬೇಕು. ಹುಟ್ಟಿದ್ದು ನಮ್ಮ ಗಡಿಯ ಪಕ್ಕದ ಕಾಸರಗೋಡು ಜಿಲ್ಲೆಯಲ್ಲಿ. ಚಿಕ್ಕಂದಿನಲ್ಲಿ ಬೀಡಿ ಕಟ್ಟಿದವರು. ಊರಲ್ಲಿ ಕಾನೂನು ಓದಿ ವಕೀಲರಾಗಿ, 2007ರಲ್ಲಿ ಹೂಸ್ಟನ್‌ಗೆ ಬಂದು, ಟೆಕ್ಸಾಸ್‌ನ ವಕೀಲಿಕೆ ಪರೀಕ್ಷೆ ಬರೆದರು. ಒಮ್ಮೆ ಚುನಾವಣೆಯಲ್ಲಿ ಸೋತರು. 2022ರಲ್ಲಿ ತಮ್ಮದೇ ಪಕ್ಷದ ಹಾಲಿ ಜಡ್ಜ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಿ, ನವೆಂಬರಿನಲ್ಲೂ ಗೆದ್ದು, 2023ರ ಜನವರಿಯಲ್ಲಿ ಫೋರ್ಟ್ ಬೆಂಡ್ ಕೌಂಟಿಯ 240ನೇ ಡಿಸ್ಟ್ರಿಕ್ಟ್ ಕೋರ್ಟಿನ ಜಡ್ಜ್ ಆದರು. ಪ್ರಚಾರದಲ್ಲಿ ತಮ್ಮ ಇಂಗ್ಲಿಷ್ ಉಚ್ಚಾರಣೆಯನ್ನು ಆಡಿಕೊಂಡರು ಎಂದು ಅವರೇ ಹೇಳಿದ್ದಾರೆ. ಟೆಕ್ಸಾಸ್‌ನಲ್ಲಿ ಜಡ್ಜ್‌ಗಳು ಪಕ್ಷದ ಹೆಸರಲ್ಲೇ ನಿಲ್ಲುತ್ತಾರೆ. ಅದರ ಪರಿಣಾಮ ದೊಡ್ಡದು. 2018ರಲ್ಲಿ ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ ಸ್ಪರ್ಧೆ ಇದ್ದ 59 ಜಡ್ಜ್ ಸ್ಥಾನಗಳಲ್ಲಿ ಅಷ್ಟನ್ನೂ ಡೆಮಾಕ್ರಟಿಕ್ ಪಕ್ಷವೇ ಗೆದ್ದಿತು. ಒಳ್ಳೇ ಜಡ್ಜ್, ಸಾಧಾರಣ ಜಡ್ಜ್ ಎನ್ನದೆ ಒಂದು ಪಕ್ಷದವರೆಲ್ಲ ಒಟ್ಟಿಗೆ ಹೋದರು. ನಿಮ್ಮ ರಾಜ್ಯದಲ್ಲಿ ಪಕ್ಷದ ಹೆಸರಿಲ್ಲದಿರುವುದು ನನಗೆ ಸಮಾಧಾನ ತರುವುದು ಈ ಕಾರಣಕ್ಕೇ.

ಈಗ ಕೆಲಸದ ವಿಷಯ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸುಪೀರಿಯರ್ ಕೋರ್ಟ್ ಅಂದರೆ ಬರೀ ಕೊಲೆ ಕೇಸುಗಳ ಜಾಗವಲ್ಲ. ವಿಚ್ಛೇದನ, ಮಕ್ಕಳ ಪಾಲನೆ, ತೀರಿಕೊಂಡವರ ಮನೆ ಆಸ್ತಿ, ಬಾಡಿಗೆ ಮನೆ ಬಿಡಿಸುವುದು, ಟ್ರಾಫಿಕ್ ಟಿಕೆಟ್, ಸಣ್ಣ ಹುಡುಗರ ತಪ್ಪುಗಳು, ಎಲ್ಲವೂ ಇಲ್ಲಿಗೇ ಬರುತ್ತವೆ. ಗೆದ್ದ ಜಡ್ಜ್‌ಗೆ ಯಾವ ವಿಭಾಗ ಎನ್ನುವುದನ್ನು ಆ ಕೋರ್ಟಿನ ಪ್ರಿಸೈಡಿಂಗ್ ಜಡ್ಜ್, ಅಂದರೆ ಅಲ್ಲಿನ ಮುಖ್ಯ ಜಡ್ಜ್, ತೀರ್ಮಾನಿಸುತ್ತಾರೆ. ಅಂದರೆ "ಅಪರಾಧಿಗಳಿಗೆ ಸಿಂಹಸ್ವಪ್ನ" ಎಂದು ಪ್ರಚಾರ ಮಾಡಿ ಗೆದ್ದ ಪ್ರಾಸಿಕ್ಯೂಟರ್ ಮೊದಲ ಎರಡು ವರ್ಷ ಕೂರುವುದು ಗಂಡ ಹೆಂಡತಿ ಜಗಳದ ಕೋರ್ಟಿನಲ್ಲಿ ಇರಬಹುದು. ಅಲ್ಲಿ ಬೇಕಾಗುವುದು ತಾಳ್ಮೆ, ಕೇಳಿಸಿಕೊಳ್ಳುವ ಗುಣ, ಗೊತ್ತಿಲ್ಲದ ಕಾನೂನನ್ನು ರಾತ್ರಿ ಕೂತು ಓದುವ ಶ್ರದ್ಧೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕೌಂಟಿಯಲ್ಲಿ ನನ್ನ ಕೇಸಿನ ಸರದಿಗಾಗಿ ಕಾಯುತ್ತಾ ಕೂತಿದ್ದೆ. ನನಗಿಂತ ಮೊದಲು ವಯಸ್ಸಾದ ಕನ್ನಡದ ಅಮ್ಮ ಒಬ್ಬರು. ಜೊತೆಗೆ ವಕೀಲರಿಲ್ಲ. ದುಭಾಷಿ ಫೋನಿನಲ್ಲಿ. ಜಡ್ಜ್ ಒಂದು ಷರತ್ತು ವಿವರಿಸಿ "ಅರ್ಥವಾಯಿತೇ?" ಎಂದರು. ಆ ಅಮ್ಮ ನಾವೆಲ್ಲ ಮಾಡುವ ಹಾಗೆ ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ಎದುರು ವಕೀಲರು ಮುಂದಿನ ಕಾಗದ ತೆಗೆದೇಬಿಟ್ಟರು. ಜಡ್ಜ್ ಕೈ ಎತ್ತಿ ತಡೆದರು. "ಅವರು ತಲೆ ಆಡಿಸಿದ್ದು ಹೌದು ಅಂತಲೋ ಇಲ್ಲ ಅಂತಲೋ ನನಗೆ ತಿಳಿಯಲಿಲ್ಲ. ಬಾಯಲ್ಲಿ ಹೇಳಲಿ, ನಾನು ಕಾಯುತ್ತೇನೆ" ಎಂದರು. ದುಭಾಷಿ ಕನ್ನಡದಲ್ಲಿ ಕೇಳಿದಾಗ ಆ ಅಮ್ಮ ಮೆಲ್ಲಗೆ "ಇಲ್ಲಪ್ಪಾ, ಒಂದೂ ತಿಳೀಲಿಲ್ಲ" ಅಂದರು. ಮೊದಲಿಂದ ಮತ್ತೆ ವಿವರಿಸಲು ಹನ್ನೆರಡು ನಿಮಿಷ ಹಿಡಿಯಿತು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಆ ಹನ್ನೆರಡು ನಿಮಿಷ ಕೊಡುವ ಜಡ್ಜ್ ಯಾರು ಎನ್ನುವುದು ಯಾವ ಕರಪತ್ರದಲ್ಲೂ ಬರುವುದಿಲ್ಲ.

ಇನ್ನು ಜನರ ಹಂಗಿನ ಮಾತು. ನಿಮ್ಮದೇ ಕೌಂಟಿಯಲ್ಲಿ ನಡೆದದ್ದು. 2016ರಲ್ಲಿ ಜಡ್ಜ್ ಆರನ್ ಪರ್ಸ್ಕಿ ಅವರು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಯಾಗಿದ್ದ ಬ್ರಾಕ್ ಟರ್ನರ್‌ಗೆ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ 6 ತಿಂಗಳ ಜೈಲು ಶಿಕ್ಷೆ ಕೊಟ್ಟರು. ಜನ ಸಿಟ್ಟಿಗೆದ್ದರು. 2018ರ ಜೂನ್‌ನಲ್ಲಿ ಮತ ಹಾಕಿ ಅವರನ್ನು ಹುದ್ದೆಯಿಂದ ಇಳಿಸಿದರು. 1932ರ ನಂತರ ಕ್ಯಾಲಿಫೋರ್ನಿಯಾದಲ್ಲಿ ಹಾಗಾದದ್ದು ಅದೇ ಮೊದಲು. ಆ ಹೆಣ್ಣುಮಗಳಿಗೆ ಆದ ಅನ್ಯಾಯ ನೆನೆದರೆ ಜನರ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಆ ಶಿಕ್ಷೆ, ಅಪರಾಧಿಯ ಹಿನ್ನೆಲೆ ನೋಡಿ ಕೋರ್ಟಿಗೆ ಸಲಹೆ ಕೊಡುವ ಪ್ರೊಬೇಷನ್ ಇಲಾಖೆಯ ಶಿಫಾರಸಿಗೆ ಅನುಗುಣವಾಗಿತ್ತು, ಜಡ್ಜ್‌ಗಳ ಮೇಲಿನ ದೂರು ವಿಚಾರಿಸುವ ಆಯೋಗಕ್ಕೂ ದುರ್ನಡತೆ ಕಾಣಲಿಲ್ಲ. ಒಂದು ತೀರ್ಪಿಗಾಗಿ ಕುರ್ಚಿ ಹೋಗಬಹುದು ಎಂಬ ಭಯ ಹೊಕ್ಕರೆ ಉಳಿದ ಜಡ್ಜ್‌ಗಳ ಕೈಯೂ ಬಿಗಿಯಾಗುತ್ತದೆ. ಆ ಭಾರ ಬೀಳುವುದು ಹೆಚ್ಚಾಗಿ ಒಳ್ಳೇ ವಕೀಲರನ್ನು ಇಟ್ಟುಕೊಳ್ಳಲಾಗದ ಬಡವರ ಮೇಲೆ. ಪೆನ್ಸಿಲ್ವೇನಿಯಾದ 1990ರ ದಶಕದ ತೀರ್ಪುಗಳನ್ನು ಇಬ್ಬರು ರಾಜ್ಯಶಾಸ್ತ್ರಜ್ಞರು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಚುನಾವಣೆ ಹತ್ತಿರ ಬಂದಂತೆ ಜಡ್ಜ್‌ಗಳು ಕೊಡುವ ಶಿಕ್ಷೆ ಜಾಸ್ತಿಯಾಗುತ್ತಿತ್ತು.

ಅದಕ್ಕೇ ಅಭ್ಯರ್ಥಿಗಳ ಬಾಯಿಗೆ ಒಂದು ಕಟ್ಟು ಇದೆ. ಕ್ಯಾಲಿಫೋರ್ನಿಯಾದಲ್ಲಿ ಜಡ್ಜ್ ಚುನಾವಣೆಗೆ ನಿಲ್ಲುವ ವಕೀಲರೂ ಜಡ್ಜ್‌ಗಳ ನೀತಿಸಂಹಿತೆಗೆ ಒಳಪಡುತ್ತಾರೆ. ಪ್ರಚಾರದ ನೀತಿ ಬಗ್ಗೆ ಒಂದು ಕೋರ್ಸನ್ನೂ ಮುಗಿಸಬೇಕು. ಮುಂದೆ ತಮ್ಮ ಎದುರು ಬರಬಹುದಾದ ಕೇಸಿನಲ್ಲಿ ಹೀಗೇ ಮಾಡುತ್ತೇನೆ ಎಂದು ಮಾತು ಕೊಡುವಂತಿಲ್ಲ. ತಮ್ಮ ಅಭಿಪ್ರಾಯ ಹೇಳಬಹುದು, ಅಷ್ಟು ಸ್ವಾತಂತ್ರ್ಯ ಇದೆ ಎಂದು 2002ರಲ್ಲಿ ಮಿನ್ನೆಸೋಟಾದ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅಭಿಪ್ರಾಯ ಬೇರೆ, ಭರವಸೆ ಬೇರೆ. ನಿಮ್ಮ ಡೆಪಾಸಿಟ್ ಪ್ರಶ್ನೆ ಭರವಸೆಯ ಕಡೆಗೆ ಬೀಳುತ್ತದೆ.

ಹಣ ಕೇಳಿದ್ದಕ್ಕೆ ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಫ್ಲಾರಿಡಾದಲ್ಲಿ ಜಡ್ಜ್ ಅಭ್ಯರ್ಥಿ ತಾವೇ ಹಣ ಕೇಳುವಂತಿಲ್ಲ, 2015ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ಕ್ಯಾಲಿಫೋರ್ನಿಯಾದಲ್ಲಿ ಕೇಳಬಹುದು. ಕೊಡುವುದು ಬಿಡುವುದು ನಿಮ್ಮ ಇಷ್ಟ. ಆದರೆ ಎರಡು ವಿಷಯ ಗಮನದಲ್ಲಿರಲಿ. ನಿಮ್ಮ ತಮ್ಮ ಎಚ್-1ಬಿಯಲ್ಲಿದ್ದಾರೆ ಅಂದಿರಿ. ಅವರು ಒಂದು ಡಾಲರನ್ನೂ ಕೊಡುವಂತಿಲ್ಲ. ಪೌರರು, ಗ್ರೀನ್ ಕಾರ್ಡ್ ಇರುವವರು ಮಾತ್ರ ಕೊಡಬಹುದು. ಇದು ಫೆಡರಲ್ ಕಾನೂನು, ಊರಿನ ಸಣ್ಣ ಚುನಾವಣೆಗೂ ಅನ್ವಯಿಸುತ್ತದೆ. ನಿಮ್ಮ ಕೈಲಿ ಅವರ ದುಡ್ಡು ಕೊಟ್ಟು ನಿಮ್ಮ ಹೆಸರಲ್ಲಿ ಹಾಕಿಸುವುದೂ ತಪ್ಪು. ಎರಡನೆಯದು, ಒಟ್ಟು 100 ಡಾಲರ್ ಅಥವಾ ಅದಕ್ಕೂ ಹೆಚ್ಚು ಕೊಟ್ಟರೆ ನಿಮ್ಮ ಹೆಸರು ಸಾರ್ವಜನಿಕ ವರದಿಯಲ್ಲಿ ಬರುತ್ತದೆ. ಕೇಸಿನ ಕಕ್ಷಿದಾರರೋ ಅವರ ವಕೀಲರೋ ಜಡ್ಜ್‌ಗೆ 1,500 ಡಾಲರ್‌ಗಿಂತ ಹೆಚ್ಚು ಕೊಟ್ಟಿದ್ದರೆ ಆ ಜಡ್ಜ್ ಕೇಸಿನಿಂದ ಹಿಂದೆ ಸರಿಯಬೇಕು. ಇಂಥ ನಿಯಮ ಯಾಕೆ ಬೇಕು ಅನ್ನುವುದನ್ನು ವೆಸ್ಟ್ ವರ್ಜೀನಿಯಾ ತೋರಿಸಿಕೊಟ್ಟಿದೆ. ಅಲ್ಲೊಂದು ಕಲ್ಲಿದ್ದಲು ಕಂಪನಿ 5 ಕೋಟಿ ಡಾಲರಿನ ಕೇಸು ಸೋತಿತ್ತು. ಅದರ ಮುಖ್ಯಸ್ಥರು 30 ಲಕ್ಷ ಡಾಲರ್ ಸುರಿದು ರಾಜ್ಯದ ಮೇಲಿನ ಕೋರ್ಟಿಗೆ ಒಬ್ಬರನ್ನು ಗೆಲ್ಲಿಸಿದರು. ಅದೇ ಜಡ್ಜ್ ಆ ಕೇಸಿನಲ್ಲಿ ಕಂಪನಿಯ ಪರ ಮತ ಹಾಕಿದರು. ಅವರು ಕೇಸಿನಿಂದ ದೂರ ಇರಬೇಕಿತ್ತು ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದೂ 5-4ರ ಬಹುಮತದಲ್ಲಿ.

ಹಾಗಾದರೆ ಏನು ಕೇಳಬೇಕು? ಮುಂದಿನ ಸಲ ಅವರು ನಾಯಿ ಅಡ್ಡಾಡಿಸುತ್ತಾ ಸಿಕ್ಕರೆ ನಿಲ್ಲಿಸಿ ಮಾತಾಡಿಸಿ. ಎಷ್ಟು ಕೇಸುಗಳನ್ನು ಜ್ಯೂರಿ ಮುಂದೆ ಕೊನೆಯವರೆಗೆ ನಡೆಸಿದ್ದೀರಿ? ಒಂದೇ ಬಗೆಯ ಕೇಸೋ, ಬೇರೆ ಬೇರೆಯೋ? ಯಾವತ್ತೂ ಮಾಡದ ವಿಭಾಗ ಕೊಟ್ಟರೆ ಹೇಗೆ ತಯಾರಾಗುತ್ತೀರಿ? ವಕೀಲರಿಲ್ಲದೆ ಬಂದವರನ್ನು ಹೇಗೆ ನಡೆಸಿಕೊಳ್ಳುತ್ತೀರಿ? ಯಾವ ಯಾವ ಹಾಲಿ ಜಡ್ಜ್‌ಗಳು ನಿಮ್ಮನ್ನು ಬೆಂಬಲಿಸಿದ್ದಾರೆ? ಈ ಕೊನೆಯ ಪ್ರಶ್ನೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಅವರು ದಿನಾ ವಾದ ಮಾಡುವ ಕೋರ್ಟಿನ ಜಡ್ಜ್‌ಗಳಿಗೆ ಅವರ ಪ್ರಾಮಾಣಿಕತೆ ಚೆನ್ನಾಗಿ ಗೊತ್ತಿರುತ್ತದೆ. ಇನ್ನೂ ಒಂದು ಕೇಳಿ: ನಿಮ್ಮ ಎದುರು ವಾದ ಮಾಡಿದ ಒಬ್ಬ ವಕೀಲರ ಹೆಸರು ಹೇಳಿ, ನಾನು ಅವರನ್ನು ವಿಚಾರಿಸಬಹುದೇ? ಈ ಪ್ರಶ್ನೆಗೆ ಸಂತೋಷದಿಂದ ಹೆಸರು ಕೊಡುವವರ ಮೇಲೆ ನನಗೆ ಅಲ್ಲೇ ಅರ್ಧ ನಂಬಿಕೆ ಬರುತ್ತದೆ.

ಮನೆಗೆ ಬಂದ ಮೇಲೆ ವಕೀಲರಿಗೆ ಪರವಾನಗಿ ಕೊಡುವ ಸ್ಟೇಟ್ ಬಾರ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಅವರ ಹೆಸರು ಹುಡುಕಿ. ಯಾವಾಗ ಪರವಾನಗಿ ಸಿಕ್ಕಿತು, ಶಿಸ್ತುಕ್ರಮ ಆಗಿದೆಯೇ ಎನ್ನುವುದು ಅಲ್ಲಿರುತ್ತದೆ. ಎದುರಿಗಿರುವವರು ಹಾಲಿ ಜಡ್ಜ್ ಆಗಿದ್ದರೆ ಇನ್ನೂ ಸುಲಭ. ಒಂದು ಬೆಳಗ್ಗೆ ರಜೆ ಹಾಕಿ ಅವರ ಕೋರ್ಟಿಗೇ ಹೋಗಿ ಕೂರಿ. ಸಾಮಾನ್ಯವಾಗಿ ಬಾಗಿಲು ಸಾರ್ವಜನಿಕರಿಗೆ ತೆರೆದಿರುತ್ತದೆ, ಯಾರೂ ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಫೋನ್ ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು. ಜಡ್ಜ್ ಸಮಯಕ್ಕೆ ಬಂದರೇ, ಕಾಗದ ಓದಿಕೊಂಡು ಬಂದಿದ್ದಾರೆಯೇ, ಸೋತವರಿಗೂ ಕಾರಣ ಹೇಳಿ ಕಳಿಸುತ್ತಾರೆಯೇ ಎಂದು ನೋಡಿ. ನಿಮ್ಮ ಪಕ್ಕದವರು ವಾದ ಮಾಡುವ ದಿನವನ್ನೂ ಕೇಳಿ ತಿಳಿದುಕೊಂಡು ಹೋಗಬಹುದು.

ನಿಮ್ಮ ಡೆಪಾಸಿಟ್ ವಿಷಯ ಹೇಳಿಬಿಡುತ್ತೇನೆ. ಮನೆ ಬಿಟ್ಟ 21 ದಿನದೊಳಗೆ ಮಾಲೀಕರು ಹಣ ಅಥವಾ ಕಡಿತದ ಲೆಕ್ಕ ಕೊಡಬೇಕು. ಕೊಡದಿದ್ದರೆ ಸಣ್ಣ ಮೊತ್ತದ ಜಗಳ ಬಗೆಹರಿಸುವ ಸ್ಮಾಲ್ ಕ್ಲೇಮ್ಸ್ ವಿಭಾಗಕ್ಕೆ ಹೋಗಿ. ಅಲ್ಲಿ 12,500 ಡಾಲರ್‌ವರೆಗೆ ಕೇಳಬಹುದು, ಎರಡೂ ಕಡೆ ವಕೀಲರು ವಾದಿಸುವಂತಿಲ್ಲ. ಇಂಥ ಕೇಸುಗಳನ್ನು ಎಷ್ಟೋ ಸಲ ತಾತ್ಕಾಲಿಕ ಜಡ್ಜ್ ಆಗಿ ಕೂರುವ ವಕೀಲರೇ ಕೇಳುತ್ತಾರೆ. ಹಾಗಾಗಿ ನಿಮ್ಮ ಕೇಸು ಪಕ್ಕದ ಮನೆಯವರ ಮುಂದೆ ಬರುವ ಸಾಧ್ಯತೆ ಕಡಿಮೆ. ಬಂದರೂ, ಪರಿಚಯ ಇದೆ ಎಂದು ನೀವೇ ಮೊದಲು ಹೇಳಿಬಿಡಿ.

ಉಳಿದದ್ದು ಅಂಗಳದ ಬೋರ್ಡ್. ಕಾನೂನಿನ ಅಡ್ಡಿ ಇಲ್ಲ. ನಿಮ್ಮ ಮನೆಗಳ ಸಂಘ ಇಂಥ ಬೋರ್ಡನ್ನು ಪೂರ್ತಿ ನಿಷೇಧಿಸುವಂತಿಲ್ಲ, 9 ಚದರ ಅಡಿಗಿಂತ ದೊಡ್ಡದಿದ್ದರೆ ಮಾತ್ರ ಬೇಡ ಎನ್ನಬಹುದು. ಆದರೆ ಆತುರ ಬೇಡ. "ಇನ್ನೊಬ್ಬರ ಬಗ್ಗೆಯೂ ತಿಳಿದುಕೊಂಡು ಹೇಳುತ್ತೇನೆ" ಎಂದು ಅವರಿಗೆ ನೇರವಾಗಿ ಹೇಳಿ. ಅದಕ್ಕೆ ಮುಖ ಚಿಕ್ಕದು ಮಾಡಿಕೊಂಡರೋ, "ಖಂಡಿತ ತಿಳಿದುಕೊಳ್ಳಿ" ಅಂದರೋ, ಅದನ್ನೂ ಗಮನಿಸಿ.